ನೆಲದವನ ಕೈ, ಗಗನದವನ ಕಣ್ಣು

ವಿಮಾನ ದುರಂತವೆಂದೊಡನೆ ನಮ್ಮ ಮನಸ್ಸು ಆಕಾಶದತ್ತ ಹೋಗುತ್ತದೆ. ಮೋಡ, ಸಿಡಿಲು, ಬೆಟ್ಟ, ಬೆಂಕಿ ಇವೆಲ್ಲ ಕಣ್ಣಮುಂದೆ ಬರುತ್ತವೆ. ಆದರೆ ವಿಮಾನವು ಸುರಕ್ಷಿತವಾಗಿ ಇಳಿದು, ಪ್ರಯಾಣಿಕರು ಮೊಬೈಲ್ ಫೋನುಗಳನ್ನು ಹಚ್ಚಿ, ಮೇಲಿನ ಚೀಲಗಳಿಗೆ ಕೈ ಚಾಚುವ ಆ ಎರಡು ಮೂರು ನಿಮಿಷಗಳಿಗೂ ಒಂದು ಇತಿಹಾಸವಿದೆ. ಅದು ಯುದ್ಧಗಳ, ರಾಜರ ಇತಿಹಾಸದಂತೆ ಪಠ್ಯಪುಸ್ತಕದಲ್ಲಿ ಬರುವುದಿಲ್ಲ. ಒಬ್ಬನ ಕೈಸನ್ನೆಯನ್ನು ಇನ್ನೊಬ್ಬನು ಹೇಗೆ ಓದಿದ, ಹೇಗೆ ತಪ್ಪಾಗಿ ಓದಿದ, ಅದರಿಂದ ಯಾರ ಜೀವ ಹೋಯಿತು ಎಂಬುದೇ ಆ ಇತಿಹಾಸ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಿಂಗಳಿಗೆರಡು ಬಾರಿ ವಿಮಾನವೇರುವವರು. ಒಬ್ಬಿಬ್ಬರು ವಿಮಾನ ನಿಲ್ದಾಣಗಳಲ್ಲೇ ಕೆಲಸದಲ್ಲಿದ್ದಾರೆ. ಅವರೆಲ್ಲರನ್ನೂ ನೆನೆದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಸರಳ ಸಂಗತಿ. ನೆಲದ ಮೇಲಿನ ದೊಡ್ಡ ವಿಮಾನವು ಹೆಚ್ಚುಕಡಿಮೆ ಕುರುಡು. ಪೈಲಟ್ ಕುಳಿತಿರುವುದು ಮೂಗಿನ ತುದಿಯಲ್ಲಿ, ನೆಲದಿಂದ ಬಹಳ ಎತ್ತರದಲ್ಲಿ. ತನ್ನ ಕಾಲಕೆಳಗಿನ ಮುಂದಿನ ಗಾಲಿಯು ಅವನಿಗೆ ಕಾಣದು. ರೆಕ್ಕೆಗಳು ಹಿಂದಕ್ಕೆ ಬಾಗಿರುವುದರಿಂದ ಇಂಜಿನ್‌ಗಳೂ ಕಾಣುವುದಿಲ್ಲ. ದೊಡ್ಡ ವಿಮಾನಗಳಲ್ಲಿ ರೆಕ್ಕೆಯ ತುದಿಯೂ ಸರಿಯಾಗಿ ಕಾಣುವುದಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯು 2012ರಲ್ಲಿ, ದೊಡ್ಡ ವಿಮಾನಗಳಿಗೆ ರೆಕ್ಕೆಯ ತುದಿ ತೋರಿಸುವ ಕ್ಯಾಮೆರಾ ಅಳವಡಿಸಬೇಕೆಂದು ಶಿಫಾರಸು ಮಾಡಿದ್ದು ಈ ಕಾರಣದಿಂದಲೇ. ನಮ್ಮೂರಿನ ಬಸ್ಸು ನಿಲ್ದಾಣದಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಕಂಡಕ್ಟರ್ ಕೆಳಗಿಳಿದು "ಬರ್ಲಿ, ಬರ್ಲಿ... ಹೋಲ್ಡಾನ್!" ಎಂದು ಕೂಗುವುದನ್ನು ನಾವೆಲ್ಲ ಕೇಳಿದ್ದೇವೆ. ಕೂಗು ಕೇಳಿಸದಿದ್ದರೆ ಬಸ್ಸಿನ ಬದಿಗೆ ಕೈಯಿಂದ ಬಡಿಯುತ್ತಾನೆ, ಇಲ್ಲವೇ ಸೀಟಿ ಊದುತ್ತಾನೆ. ವಿಮಾನದ ಬಳಿ ಇವೊಂದೂ ನಡೆಯದು. ಜೆಟ್ ಇಂಜಿನ್ನಿನ ಸದ್ದಿಗೆ ಕಿವಿ ಕೆಡದಿರಲೆಂದು ಕೆಳಗಿರುವವರು ಕಿವಿ ಮುಚ್ಚಿಕೊಂಡೇ ದುಡಿಯುತ್ತಾರೆ. ಅಂತಹ ಕೆಲಸದಲ್ಲಿರುವ ನನ್ನ ಶಿಷ್ಯನೊಬ್ಬ ಒಮ್ಮೆ ಹೇಳಿದ್ದು: "ಸಾರ್, ನಮ್ಮ ಪಕ್ಕದಲ್ಲಿ ನಿಂತವನು ಕಿರುಚಿದರೂ ಅವನ ಬಾಯಿ ಮಾತ್ರ ಕಾಣಿಸುತ್ತದೆ." ಹಾಗಾಗಿ ಉಳಿದದ್ದು ಕೈ.

ಈ ಕೈಭಾಷೆಗೆ ಒಂದು ಮುಖ್ಯ ಪಾಠಶಾಲೆಯಾದದ್ದು ಸಮುದ್ರ. 1922ರಲ್ಲಿ ಅಮೆರಿಕದ ನೌಕಾಪಡೆಯು ತನ್ನ ಮೊದಲ ವಿಮಾನವಾಹಕ ಹಡಗಾದ 'ಲ್ಯಾಂಗ್ಲಿ'ಯನ್ನು ಸೇವೆಗೆ ಇಳಿಸಿತು. ಅದರ ಅಧಿಕಾರಿಯಾಗಿದ್ದ ಕೆನೆತ್ ವೈಟಿಂಗ್ ಎಂಬಾತ ಸ್ವತಃ ಹಾರಾಟಗಾರ. ತಾನು ಹಾರದ ದಿನಗಳಲ್ಲಿ ಅವನು ಹಡಗಿನ ಹಿಂಭಾಗದ ಎಡಮೂಲೆಯಲ್ಲಿ ನಿಂತು, ಇಳಿಯುವ ಪ್ರತಿಯೊಂದು ವಿಮಾನವನ್ನೂ ನೋಡುತ್ತಿದ್ದ. ನೋಡುವವನಿಗೆ ಮೈ ಸುಮ್ಮನಿರುತ್ತದೆಯೇ? ಕ್ರಿಕೆಟ್ ನೋಡುತ್ತ ನಾವೇ ಬ್ಯಾಟ್ ಬೀಸುವ ಹಾಗೆ, ವಿಮಾನ ಕೆಳಗಾದರೆ ಅವನ ಮೈ ಒಂದು ಬಗೆಯಾಗಿ, ಮೇಲಾದರೆ ಇನ್ನೊಂದು ಬಗೆಯಾಗಿ ಅಲುಗುತ್ತಿತ್ತು. ಮೇಲಿನಿಂದ ಬರುವ ಪೈಲಟ್‌ಗಳು ಅದನ್ನು ಓದತೊಡಗಿದರು. ತಮಗೆ ಅದು ಉಪಕಾರವಾಗುತ್ತಿದೆಯೆಂದೂ ಅನುಭವಿಯೊಬ್ಬನನ್ನು ಅಲ್ಲಿ ಖಾಯಂ ಆಗಿ ನಿಲ್ಲಿಸಿ, ಗೊತ್ತುಪಡಿಸಿದ ಸನ್ನೆಗಳನ್ನು ಮಾಡಿಸಬೇಕೆಂದೂ ಅವರೇ ಸೂಚಿಸಿದರು. ಒಂದು ಭಾಷೆಯನ್ನು ಕೇಳುಗರೇ ಬೇಡಿ ಪಡೆದ ಅಪರೂಪದ ಪ್ರಸಂಗವಿದು.

ಅತ್ತ ಬ್ರಿಟಿಷ್ ನೌಕಾಪಡೆಯಲ್ಲೂ ಇದೇ ಕೆಲಸಕ್ಕೆ ಒಬ್ಬನಿದ್ದ. ಕೈಯಲ್ಲಿ ಎರಡು ಬ್ಯಾಟುಗಳನ್ನು ಹಿಡಿಯುತ್ತಿದ್ದುದರಿಂದ ಅವನನ್ನು 'ಬ್ಯಾಟ್ಸ್‌ಮನ್' ಎಂದೇ ಕರೆಯುತ್ತಿದ್ದರು. ಇಲ್ಲಿ ನಮ್ಮ ಕಥೆಯ ಅತ್ಯಂತ ಸ್ವಾರಸ್ಯದ, ಜೊತೆಗೇ ಎದೆ ನಡುಗಿಸುವ ಭಾಗ ಬರುತ್ತದೆ. ಅಮೆರಿಕದವರ ಸನ್ನೆಯು ವರದಿಯ ಸ್ವರೂಪದ್ದು. ಕೈಗಳನ್ನು ಮೇಲೆತ್ತಿದರೆ "ನೀನು ಮೇಲಿದ್ದೀಯೆ" ಎಂದರ್ಥ. ಆದುದರಿಂದ ಪೈಲಟ್ ಕೆಳಗಿಳಿಯಬೇಕು. ಬ್ರಿಟಿಷರ ಸನ್ನೆಯು ಆಜ್ಞೆಯ ಸ್ವರೂಪದ್ದು. ಕೈಗಳನ್ನು ಮೇಲೆತ್ತಿದರೆ "ಮೇಲೆ ಹೋಗು" ಎಂದರ್ಥ. ಅದೇ ಕೈ, ಅದೇ ಎತ್ತರ, ಎರಡು ತದ್ವಿರುದ್ಧ ಅರ್ಥಗಳು! ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ ಒಂದು ವರ್ತಮಾನ ಕಾಲ, ಇನ್ನೊಂದು ವಿಧ್ಯರ್ಥ. ಪರೀಕ್ಷೆಯಲ್ಲಿ ಇವನ್ನು ಅದಲುಬದಲು ಮಾಡಿದ ಹುಡುಗನಿಗೆ ಎರಡು ಅಂಕ ಹೋಗುತ್ತಿತ್ತು. ಹಡಗಿನ ಮೇಲೆ ಆ ಗೊಂದಲವಾದರೆ ಹೋಗುವುದು ವಿಮಾನ.

ಎರಡೂ ನೌಕಾಪಡೆಗಳು ತಮ್ಮ ತಮ್ಮ ಹಡಗುಗಳಲ್ಲಿ ಇರುವವರೆಗೆ ತೊಂದರೆಯಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1943ರಲ್ಲಿ, ಬ್ರಿಟನ್ನಿನ 'ವಿಕ್ಟೋರಿಯಸ್' ಹಡಗು ಪೆಸಿಫಿಕ್ ಸಾಗರಕ್ಕೆ ಹೋಗಿ ಅಮೆರಿಕದ 'ಸಾರಟೋಗ'ದ ಜೊತೆಗೂಡಿತು. ಒಬ್ಬರ ವಿಮಾನಗಳು ಇನ್ನೊಬ್ಬರ ಹಡಗಿನಿಂದ ಹಾರಾಡಬೇಕಾಯಿತು. ಆಗ ಎರಡು ವ್ಯಾಕರಣಗಳು ಒಂದೇ ಹಡಗಿನಲ್ಲಿ ಬಾಳಲಾರವೆಂಬುದು ಸ್ಪಷ್ಟವಾಯಿತು. ಇಬ್ಬರೂ ಇಂಗ್ಲಿಷ್ ಆಡುವವರು, ಮಿತ್ರರಾಷ್ಟ್ರದವರು, ಒಂದೇ ಶತ್ರುವಿನೊಡನೆ ಹೋರಾಡುವವರು. ಆದರೂ ಹಾರುವ ಮೊದಲು ಯಾರ ಸನ್ನೆಯಲ್ಲಿ ಮಾತನಾಡುವುದೆಂದು ತೀರ್ಮಾನಿಸಿಕೊಳ್ಳಬೇಕಿತ್ತು. ಭಾಷೆ ಬೇರೆಯಾದಾಗ ಮನುಷ್ಯ ಎಚ್ಚರವಾಗಿರುತ್ತಾನೆ. ಒಂದೇ ಎಂದುಕೊಂಡಾಗಲೇ ಅಪಾಯ ಹೆಚ್ಚು ಎಂದು ನನಗನ್ನಿಸುತ್ತದೆ.

ಮುಂದೆ 1950ರ ದಶಕದ ಆರಂಭದಲ್ಲಿ ನಿಕೋಲಸ್ ಗುಡ್‌ಹಾರ್ಟ್ ಎಂಬ ಬ್ರಿಟಿಷ್ ನೌಕಾಧಿಕಾರಿಯು ಕನ್ನಡಿ ಹಾಗೂ ದೀಪಗಳ ಸಹಾಯದಿಂದ ಇಳಿಯುವ ದಾರಿ ತೋರಿಸುವ ಸಾಧನವೊಂದನ್ನು ಕಂಡುಹಿಡಿದ. ಒಂದು ಪುಟ್ಟ ಕೈಗನ್ನಡಿಯ ಮೇಲೆ ಲಿಪ್‌ಸ್ಟಿಕ್‌ನಿಂದ ಗೆರೆ ಎಳೆಸಿ ಅದನ್ನು ಸಹೋದ್ಯೋಗಿಗಳಿಗೆ ತೋರಿಸಿಕೊಟ್ಟನೆಂಬ ಕಥೆ ಪ್ರಸಿದ್ಧವಾಗಿದೆ. ಆಕಾಶದಿಂದ ಇಳಿಯುವ ಮಟ್ಟಿಗೆ ಬ್ಯಾಟಿನವನ ಕೆಲಸ ಕಡಮೆಯಾಯಿತು. ಆದರೆ ಇಳಿದ ವಿಮಾನವನ್ನು ಅದರ ಜಾಗಕ್ಕೆ ತಂದು ನಿಲ್ಲಿಸುವವನು ಮಾತ್ರ ಉಳಿದುಕೊಂಡ. ಅವನನ್ನೇ ಇಂದು 'ಮಾರ್ಷಲರ್' ಎನ್ನುತ್ತಾರೆ.

ಯುದ್ಧ ಮುಗಿಯುವ ಮುನ್ನವೇ, 1944ರ ಡಿಸೆಂಬರ್ 7ರಂದು, ಶಿಕಾಗೊ ನಗರದಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನದ ಒಡಂಬಡಿಕೆಗೆ ಸಹಿ ಬಿತ್ತು. ಅದರಿಂದ ಹುಟ್ಟಿದ ಸಂಸ್ಥೆಯು 1947ರಲ್ಲಿ ಕಾರ್ಯಾರಂಭ ಮಾಡಿತು. ಕೇಂದ್ರ ಕಚೇರಿ ಕೆನಡಾದ ಮಾಂಟ್ರಿಯಲ್‌ನಲ್ಲಿ. ಒಡಂಬಡಿಕೆಯ ಎರಡನೆಯ ಅನುಬಂಧದಲ್ಲಿ ಮಾರ್ಷಲರ್ ಹಾಗೂ ಪೈಲಟ್‌ರ ಸನ್ನೆಗಳನ್ನು ಒಂದೊಂದಾಗಿ ಚಿತ್ರಸಹಿತ ವಿವರಿಸಲಾಗಿದೆ. ಅದು ಓದಲು ಶುಷ್ಕವಾದ ಗ್ರಂಥ. ಆದರೂ ನಡುನಡುವೆ ನಗು ತರಿಸುತ್ತದೆ. ಹಗಲು ಹೊತ್ತಿನಲ್ಲಿ ಮಾರ್ಷಲರ್ ಕೈಯಲ್ಲಿ ಹೊಳೆಯುವ ಬಣ್ಣದ ಕೋಲುಗಳನ್ನೋ ಕೈಗವಸುಗಳನ್ನೋ ಅಥವಾ ಟೇಬಲ್ ಟೆನಿಸ್ ಬ್ಯಾಟುಗಳನ್ನೋ ಹಿಡಿಯಬೇಕೆಂದು ಅದು ಗಂಭೀರವಾಗಿ ವಿಧಿಸುತ್ತದೆ. ಅಂದಿನ ಬ್ಯಾಟ್ಸ್‌ಮನ್‌ನ ನೆನಪು ಹೀಗೆ ಕಾನೂನಿನಲ್ಲಿ ಉಳಿದುಕೊಂಡಿದೆ. ರಾತ್ರಿಯಲ್ಲಿ ಬೆಳಗುವ ಕೋಲುಗಳು.

ಇನ್ನು ಎಡಬಲಗಳ ಸಮಸ್ಯೆ. ನಮ್ಮ ಶಾಲೆಗಳ ಡ್ರಿಲ್ ಮಾಸ್ತರರನ್ನು ನೆನಪಿಸಿಕೊಳ್ಳಿ. ಮಕ್ಕಳಿಗೆ ಎದುರಾಗಿ ನಿಂತು "ಬಲಗೈ ಮೇಲೆ" ಎನ್ನುವಾಗ ಅವರು ತಮ್ಮ ಎಡಗೈಯನ್ನು ಎತ್ತುತ್ತಿದ್ದರು. ಹೊಸದಾಗಿ ಬಂದ ಮಾಸ್ತರರು ಇದನ್ನು ಮರೆತು ತಮ್ಮ ಬಲಗೈಯನ್ನೇ ಎತ್ತಿದರೆ ಸಾಲಿನಲ್ಲಿ ಅರ್ಧ ಕೈಗಳು ಒಂದು ಕಡೆ, ಅರ್ಧ ಕೈಗಳು ಇನ್ನೊಂದು ಕಡೆ. ಮಾರ್ಷಲರನೂ ಪೈಲಟ್‌ಗೆ ಎದುರಾಗಿ ನಿಂತವನೇ. ಆದುದರಿಂದ ಅನುಬಂಧವು ಎಡ, ಬಲ ಎಂಬುದು ಪೈಲಟ್‌ನ ದೃಷ್ಟಿಯಿಂದ ಎಂದು ಸ್ಪಷ್ಟಪಡಿಸುತ್ತದೆ. ಪೈಲಟ್ ತನ್ನ ಎಡಕ್ಕೆ ತಿರುಗಬೇಕಾದರೆ ಮಾರ್ಷಲರ್ ತನ್ನ ಬಲಗೈಯನ್ನು ನೇರವಾಗಿ ಚಾಚಿ ಹಿಡಿದು, ಎಡಗೈಯಿಂದ "ಬಾ" ಎಂದು ಕರೆಯುತ್ತಾನೆ. ಚಾಚಿದ ಕೈಯ ಕಡೆಯ ರೆಕ್ಕೆ ನಿಲ್ಲಲಿ, ಕರೆಯುವ ಕೈಯ ಕಡೆಯ ರೆಕ್ಕೆ ಮುಂದೆ ಬರಲಿ ಎಂದು ಗ್ರಹಿಸಿಕೊಂಡರೆ ಇದು ಎಂದೂ ತಪ್ಪುವುದಿಲ್ಲ. ಇಂಜಿನ್‌ಗಳ ಎಣಿಕೆಯೂ ಹೀಗೆಯೇ. ಒಂದನೆಯ ಇಂಜಿನ್ ಎಂದರೆ ಪೈಲಟ್‌ನ ಎಡಗಡೆಯದು. ಎದುರು ನಿಂತ ನೆಲದವನಿಗೆ ಅದು ಬಲಗೈ ಕಡೆ. ಯಾವ ಇಂಜಿನ್ ನಿಂತಿದೆ, ಯಾವುದು ಇನ್ನೂ ತಿರುಗುತ್ತಿದೆ ಎಂಬ ಪ್ರಶ್ನೆ ಬಂದಾಗ ಈ ಎಣಿಕೆ ಕೇವಲ ಲೆಕ್ಕವಾಗಿ ಉಳಿಯುವುದಿಲ್ಲ.

ವಿಮಾನ ಬಂದು ನಿಂತ ಮೇಲೆ ನಡೆಯುವ ಸಂಭಾಷಣೆಯನ್ನು ಗಮನಿಸಿರಿ. ಮಾರ್ಷಲರ್ ಎರಡೂ ಕೋಲುಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿಯುತ್ತಾನೆ: ನಿಲ್ಲು. ಬಳಿಕ ಅಂಗೈಯನ್ನು ಭುಜದ ಮೇಲಕ್ಕೆ ಎತ್ತಿ, ಪೈಲಟ್‌ನ ಕಣ್ಣಲ್ಲಿ ಕಣ್ಣಿಟ್ಟು, ಮುಷ್ಟಿ ಕಟ್ಟುತ್ತಾನೆ: ಬ್ರೇಕ್ ಹಾಕು. ಪೈಲಟ್‌ನಿಂದ ಹೆಬ್ಬೆರಳಿನ ಉತ್ತರ ಬರುವವರೆಗೆ ಅವನು ಅಲುಗಕೂಡದು. ಆಮೇಲೆ ಗಾಲಿಗಳಿಗೆ 'ಚಾಕ್' ಕೊಡುತ್ತಾರೆ. ಇದು ನಮ್ಮ ಕರಿಹಲಗೆಯ ಚಾಕ್ ಅಲ್ಲ. ಇಳಿಜಾರಿನಲ್ಲಿ ಕೆಟ್ಟು ನಿಂತ ಲಾರಿಯ ಗಾಲಿಗೆ ಕ್ಲೀನರ್ ಕಲ್ಲು ಕೊಡುತ್ತಾನಲ್ಲ, ಅಂತಹ ಅಡೆ. ಅಡೆ ಕೊಟ್ಟಾಯಿತೆಂಬುದನ್ನು ತಲೆಯ ಮೇಲೆ ಕೋಲುಗಳ ತುದಿಗಳನ್ನು ಒಳಮುಖವಾಗಿ ತಂದು ಮುಟ್ಟಿಸಿ ತಿಳಿಸುತ್ತಾರೆ. ಕೋಲುಗಳು ಹೊರಮುಖವಾದರೆ ಅಡೆ ತೆಗೆದಾಯಿತೆಂದು. ಒಳಮುಖ, ಹೊರಮುಖ, ವ್ಯತ್ಯಾಸ ಇಷ್ಟೇ. ಬ್ರೇಕುಗಳು ಕಾದಿದ್ದರೆ ತಣಿಯಲೆಂದು ಪೈಲಟ್ ಅಡೆ ಬಿದ್ದ ಮೇಲೆ ಬ್ರೇಕನ್ನು ಸಡಿಲಿಸುವುದುಂಟು. ಅಡೆ ಬೀಳದೆಯೇ ಬಿದ್ದಿದೆಯೆಂದು ಅವನು ತಿಳಿದರೆ, ಹತ್ತಾರು ಟನ್ ತೂಕದ ಯಂತ್ರ ತನ್ನಷ್ಟಕ್ಕೆ ತಾನೇ ಉರುಳತೊಡಗುತ್ತದೆ.

ಮಾತಿನ ಬದಲು ಯಂತ್ರವನ್ನಿಟ್ಟರೆ ಈ ಗೊಂದಲಗಳು ತಪ್ಪುತ್ತವೆಯೇ? ಆ ಪ್ರಯತ್ನವೂ ಆಗಿದೆ. ಬ್ರಿಟನ್ನಿನ ನಿಲ್ದಾಣಗಳಲ್ಲಿ ದಶಕಗಳ ಕಾಲ ಗೋಡೆಯ ಮೇಲೆ ಅಕ್ಕಪಕ್ಕ ಎರಡು ದೀಪಗಳಿರುತ್ತಿದ್ದವು. ಎರಡೂ ಹಸಿರಾಗಿ ಕಂಡರೆ ವಿಮಾನ ಗೆರೆಯ ಮೇಲಿದೆ. ಒಂದು ಕೆಂಪಾದರೆ ಹಸಿರಿನ ಕಡೆಗೆ ತಿರುಗಬೇಕು. ಅಚ್ಚುಕಟ್ಟಾದ ಏರ್ಪಾಡು. ಆದರೆ ಅದನ್ನು ಹೊಂದಿಸಿದ್ದು ಎಡ ಆಸನದಲ್ಲಿ ಕುಳಿತ ಕ್ಯಾಪ್ಟನ್ನನ ಕಣ್ಣಿಗೆ ಮಾತ್ರ. ಬಲ ಆಸನದವನಿಗೆ ಅದೇ ದೀಪ ಸುಳ್ಳು ಹೇಳುತ್ತಿತ್ತು. ಈಗಿನ ಲೇಸರ್ ಫಲಕಗಳು ವಿಮಾನದ ಮಾದರಿಯನ್ನೂ ಉಳಿದ ದೂರವನ್ನೂ ಅಂಕಿಗಳಲ್ಲಿ ತೋರಿಸುತ್ತವೆ. ಕೆಳಗಿನವರು ತಪ್ಪು ಮಾದರಿಯನ್ನು ನಮೂದಿಸಿದರೆ ಅದು ಅಷ್ಟೇ ವಿಶ್ವಾಸದಿಂದ ತಪ್ಪು ಜಾಗದಲ್ಲಿ ನಿಲ್ಲಿಸುತ್ತದೆ. ಆದ್ದರಿಂದಲೇ ಫಲಕದಲ್ಲಿ ತನ್ನ ವಿಮಾನದ ಹೆಸರಿದೆಯೇ ಎಂದು ಪೈಲಟ್ ಮೊದಲು ಓದಿಕೊಳ್ಳಬೇಕು.

ತಪ್ಪು ಸಂವಾದದಂತೆಯೇ ಮೌನವೂ ಒಂದು ಬಗೆ. 2005ರ ಡಿಸೆಂಬರ್ 26ರಂದು ಅಮೆರಿಕದ ಸಿಯಾಟಲ್‌ನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸ್‌ನ ವಿಮಾನದ ಮೈಯಲ್ಲಿ, ಸುಮಾರು 26,000 ಅಡಿ ಎತ್ತರದಲ್ಲಿ ಒಂದಡಿ ಉದ್ದದ ರಂಧ್ರ ತೆರೆದುಕೊಂಡು ಒಳಗಿನ ಗಾಳಿ ಹೊರನುಗ್ಗಿತು. ಪೈಲಟ್‌ಗಳು ಜಾಣ್ಮೆಯಿಂದ ಕೆಳಗಿಳಿಸಿ ಎಲ್ಲರನ್ನೂ ಉಳಿಸಿದರು. ನಿಲ್ದಾಣದಲ್ಲಿ ನಿಂತಿದ್ದಾಗ ಸಾಮಾನಿನ ವಾಹನವೊಂದು ತಾಗಿತ್ತೆಂಬುದನ್ನು ಕೆಲಸಗಾರನೊಬ್ಬ ಆಮೇಲೆ ಒಪ್ಪಿಕೊಂಡ. ತಾಗಿದೊಡನೆ ಹೇಳಿದ್ದರೆ ವಿಮಾನ ಹಾರುತ್ತಲೇ ಇರಲಿಲ್ಲ. ಹೇಳಿದರೆ ಶಿಕ್ಷೆ ಎಂಬ ಭಯವಿರುವ ಕಡೆಯಲ್ಲಿ ಮಕ್ಕಳು ಗಾಜು ಒಡೆದದ್ದನ್ನು ಹೇಳುವುದಿಲ್ಲ, ದೊಡ್ಡವರೂ ಅಷ್ಟೇ.

ನಮ್ಮ ದೇಶದಲ್ಲಿ ನಡೆದುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಿಲ್ದಾಣದಿಂದ ವಿಮಾನವನ್ನು ಹಿಂದಕ್ಕೆ ತಳ್ಳುವಾಗ ನೆಲದವನಿಗೂ ಪೈಲಟ್‌ಗೂ ತಂತಿಯ ಮೂಲಕ ಮಾತು ನಡೆಯುತ್ತದೆ. ಅದರ ಪ್ರತಿ ಪದವೂ ನಿಗದಿತ. "ಬ್ರೇಕ್ ಬಿಟ್ಟದ್ದನ್ನು ಖಚಿತಪಡಿಸಿ", "ಬ್ರೇಕ್ ಬಿಟ್ಟಿದೆ". ತಳ್ಳಿದ ಮೇಲೆ "ಬ್ರೇಕ್ ಹಾಕಿದ್ದನ್ನು ಖಚಿತಪಡಿಸಿ", "ಬ್ರೇಕ್ ಹಾಕಿದೆ". ಕಡೆಯಲ್ಲಿ ಪೈಲಟ್ ತಂತಿ ಕಳಚಲು ಹೇಳುತ್ತಾನೆ. ನೆಲದವನು "ಕಳಚುತ್ತಿದ್ದೇನೆ, ಎಡಗಡೆ (ಅಥವಾ ಬಲಗಡೆ) ಸನ್ನೆಗಾಗಿ ಕಾಯಿರಿ" ಎನ್ನುತ್ತಾನೆ. ತಂತಿ ಕಳಚಿದ ಕ್ಷಣದಿಂದ ಕಿವಿಯ ಸಂಬಂಧ ಮುಗಿದು ಮತ್ತೆ ಕಣ್ಣಿನ ಸಂಬಂಧ ಶುರುವಾಗುತ್ತದೆ. ಅವನು ದೂರ ನಡೆದು, ಮುಂದಿನ ಗಾಲಿಯಿಂದ ತೆಗೆದ ಕೆಂಪು ಪಟ್ಟಿಯ ಪಿನ್ನನ್ನು ಎತ್ತಿ ತೋರಿಸಿ, ಹೆಬ್ಬೆರಳು ಎತ್ತಬೇಕು. ಅದುವರೆಗೆ ವಿಮಾನ ಕದಲಬಾರದು. ನನ್ನ ದೃಷ್ಟಿಯಲ್ಲಿ, ಈ ಇಡೀ ನಾಟಕದಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ಆ ಅರ್ಧ ನಿಮಿಷ.

2015ರ ಡಿಸೆಂಬರ್ 16ರ ರಾತ್ರಿ ಮುಂಬಯಿ ನಿಲ್ದಾಣದಲ್ಲಿ ಹೈದರಾಬಾದಿಗೆ ಹೊರಟಿದ್ದ ಏರ್ ಇಂಡಿಯಾದ ಏರ್‌ಬಸ್ 319 ವಿಮಾನವನ್ನು ಹೀಗೆ ಹಿಂದಕ್ಕೆ ತಳ್ಳಿ ನಿಲ್ಲಿಸಲಾಗಿತ್ತು. ತಂತ್ರಜ್ಞನೊಬ್ಬ ಮುಂದಿನ ಗಾಲಿಯ ಬಳಿ, ಕಿವಿಗೆ ಹೆಡ್‌ಫೋನ್ ಧರಿಸಿ, ಇಂಜಿನ್‌ಗೆ ಬೆನ್ನು ಮಾಡಿ ನಿಂತಿದ್ದ. ನೆಲದವರು ದೂರ ಸರಿಯುವ ಮೊದಲೇ ವಿಮಾನ ಚಲಿಸಿತು. ತಿರುಗುತ್ತಿದ್ದ ಇಂಜಿನ್ ಆ ಮನುಷ್ಯನನ್ನು ಒಳಗೆ ಎಳೆದುಕೊಂಡಿತು. ಸಹ ಪೈಲಟ್ ಸನ್ನೆಯನ್ನು ತಪ್ಪಾಗಿ ಗ್ರಹಿಸಿದರೆಂದು ಅಂದಿನ ವರದಿಗಳು ತಿಳಿಸಿದವು. ಒಳಗೆ ಸುರಕ್ಷತೆಯ ಪ್ರಕಟಣೆ ಕೇಳುತ್ತ ಕುಳಿತವರಿಗೆ ಏನಾಯಿತೆಂದು ಆ ಕ್ಷಣಕ್ಕೆ ತಿಳಿಯುವ ಮಾರ್ಗವೇ ಇರಲಿಲ್ಲ. ಕಿವಿಗೆ ಯಂತ್ರ ಧರಿಸಿದ್ದು ಮಾತು ಕೇಳಲೆಂದು. ಅದೇ ಯಂತ್ರವು ಬೆನ್ನ ಹಿಂದಿನ ಮೃತ್ಯುವಿನ ಸದ್ದನ್ನು ಮರೆಸಿತೇ ಎಂದು ಇದನ್ನು ಓದಿದಾಗ ಬಹಳ ಹೊತ್ತು ಯೋಚಿಸಿದ್ದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಘಟನೆ. ಏಕೆಂದರೆ ಅಲ್ಲಿ ಯಾರೂ ಮೌನವಾಗಿರಲಿಲ್ಲ. 2022ರ ಡಿಸೆಂಬರ್ 31, ವರ್ಷದ ಕೊನೆಯ ಮಧ್ಯಾಹ್ನ. ಅಮೆರಿಕದ ಅಲಬಾಮ ರಾಜ್ಯದ ಮಾಂಟ್‌ಗೊಮೆರಿಗೆ ಡಲ್ಲಾಸ್‌ನಿಂದ ಎನ್ವಾಯ್ ಏರ್ ಕಂಪನಿಯ ಎಂಬ್ರಾಯರ್ ವಿಮಾನ ಬಂತು. ನಿಂತಾಗ ವಿದ್ಯುತ್ ಒದಗಿಸಲು ವಿಮಾನದ ಬಾಲದಲ್ಲಿ ಒಂದು ಪುಟ್ಟ ಇಂಜಿನ್ ಇರುತ್ತದೆ. ಆ ದಿನ ಅದು ಕೆಟ್ಟಿತ್ತು. ಆದ್ದರಿಂದ ನೆಲದ ವಿದ್ಯುತ್ ತಂತಿಯನ್ನು ಜೋಡಿಸುವವರೆಗೆ ದೊಡ್ಡ ಇಂಜಿನ್ ತಿರುಗುತ್ತಿರಬೇಕು. ಜೊತೆಗೆ, ಇಂಜಿನ್ ತಣಿಯಲು ಎರಡು ನಿಮಿಷ ಓಡಿಸುವ ನಿಯಮವೂ ಇತ್ತು. ಇದನ್ನು ಪೈಲಟ್‌ಗಳು ಇಳಿಯುವ ಮುನ್ನವೇ ತಿಳಿಸಿದ್ದರು. ವಿಮಾನ ಬರುವ ಸುಮಾರು ಹತ್ತು ನಿಮಿಷ ಮೊದಲು ನೆಲದ ಸಿಬ್ಬಂದಿ ಸೇರಿ ಇದನ್ನು ಚರ್ಚಿಸಿದರು. ವಿಮಾನ ಹತ್ತಿರವಾದಾಗ ಎರಡನೆಯ ಬಾರಿ ಸೇರಿ, ಇಂಜಿನ್ ನಿಂತು, ಕೆಂಪು ದೀಪ ಆರುವವರೆಗೆ ಯಾರೂ ಹತ್ತಿರ ಹೋಗಬಾರದು, ಸುತ್ತ ಇಡುವ ಎಚ್ಚರಿಕೆಯ ಶಂಕುಗಳನ್ನೂ ಇಡಬಾರದು ಎಂದು ಮತ್ತೆ ಹೇಳಿಕೊಂಡರು. ಕೈಪಿಡಿಯಲ್ಲೂ ಇದೆ: ಇಂಜಿನ್ ಬಾಯಿಯ ಸುತ್ತ 15 ಅಡಿ ಅಪಾಯದ ವಲಯ, ನಿಲ್ಲಿಸಿದ ಮೇಲೂ 30ರಿಂದ 60 ಸೆಕೆಂಡ್ ಕಾಯಬೇಕು.

ವಿಮಾನ ನಿಂತಿತು. ಕ್ಯಾಪ್ಟನ್ ಬ್ರೇಕ್ ಹಾಕಿ, ವಿದ್ಯುತ್ ತಂತಿ ಜೋಡಿಸುವಂತೆ ಕೈಸನ್ನೆ ಮಾಡಿದ. ಬಲಗಡೆಯ ಎರಡನೆಯ ಇಂಜಿನ್ನನ್ನು ನಿಲ್ಲಿಸಿದ. ಎಡಗಡೆಯ ಒಂದನೆಯದು ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಮುಂಭಾಗದ ಸಾಮಾನಿನ ಬಾಗಿಲು ತೆರೆದಿದೆಯೆಂಬ ಸೂಚನೆ ಕಾಣಿಸಿತು. ಎಂದರೆ ಕೆಳಗೆ ಯಾರೋ ಆಗಲೇ ಹತ್ತಿರ ಬಂದಿದ್ದಾರೆ! ಸಹ ಪೈಲಟ್ ತನ್ನ ಪಕ್ಕದ ಕಿಟಕಿಯನ್ನು ತೆರೆದು, ಇಂಜಿನ್ ಇನ್ನೂ ಓಡುತ್ತಿದೆಯೆಂದು ಕೆಳಗಿನವನಿಗೆ ತಿಳಿಸಿದ. ಇನ್ನೊಂದು ಕಡೆ, ಹಿಂಭಾಗದಲ್ಲಿ ಶಂಕು ಇಡಲು ಹೋದ ಮಹಿಳಾ ಕೆಲಸಗಾರ್ತಿಯೊಬ್ಬರು ಇಂಜಿನ್ ಕಾರುವ ಗಾಳಿಗೆ ಸಿಕ್ಕಿ ಬೀಳುವುದರಲ್ಲಿದ್ದರು. ದೂರದಿಂದ ನೋಡಿದ ಸಹೋದ್ಯೋಗಿಯೊಬ್ಬ ಹಿಂದೆ ಸರಿಯುವಂತೆ ಕೈಬೀಸಿ ಕೂಗಿದ. ಅವರು ಅಲ್ಲಿಂದ ಸರಿದು ನಡೆದದ್ದು ರೆಕ್ಕೆಯ ಮುಂಭಾಗಕ್ಕೆ, ಆ ಒಂದನೆಯ ಇಂಜಿನ್ನಿನ ಎದುರಿಗೆ. ಮೇಲೆ ಕ್ಯಾಪ್ಟನ್ ಇಂಜಿನ್ ತಣಿಸುವ ಎರಡು ನಿಮಿಷಗಳ ಬಗ್ಗೆ ಸಹ ಪೈಲಟ್‌ಗೆ ಹೇಳುತ್ತಿದ್ದ. ಮಾತು ಮುಗಿಯುವ ಮೊದಲೇ ವಿಮಾನ ಗಡಗಡನೆ ನಡುಗಿತು. ಇಂಜಿನ್ ತಾನಾಗಿ ನಿಂತಿತು.

ಎರಡು ಸಭೆ, ಒಂದು ಕೈಪಿಡಿ, ಕೆಂಪು ದೀಪ, ತೆರೆದ ಕಿಟಕಿ, ಗೆಳೆಯನ ಕೂಗು. ಇಷ್ಟು ಬಾರಿ ಹೇಳಿದ ಮಾತು ಒಬ್ಬರನ್ನು ತಲುಪಲಿಲ್ಲ. ಅಜಾಗರೂಕತೆ ಎಂದು ಬರೆದು ಕಡತ ಮುಚ್ಚುವವರಿದ್ದಾರೆ. ನಾನು ಅದನ್ನು ಒಪ್ಪಲಾರೆ. ಪ್ರತಿದಿನ ಹತ್ತಾರು ವಿಮಾನಗಳು ಬಂದು ನಿಂತೊಡನೆ ಇಂಜಿನ್ ಆರಿಸುವುದನ್ನೇ ಕಂಡ ಕಾಲುಗಳು, ಅಪರೂಪದ ಒಂದು ದಿನದ ಸೂಚನೆಗಿಂತ ಹಳೆಯ ಅಭ್ಯಾಸವನ್ನೇ ಅನುಸರಿಸುತ್ತವೆ. ಅದೂ ಅಲ್ಲದೆ, ಒಂದು ಇಂಜಿನ್ ನಿಂತದ್ದು ನಿಜ. ನಿಲ್ಲುವ ಇಂಜಿನ್ನಿನ ಇಳಿಯುವ ಸದ್ದು ಕಿವಿ ಮುಚ್ಚಿಕೊಂಡವರಿಗೆ "ಇನ್ನು ಬರಬಹುದು" ಎಂದು ಹೇಳಿದಂತೆ ಕೇಳಿಸಿರಬಾರದೇಕೆ? ಇದು ನನ್ನ ಊಹೆ; ಕೇಳಿ ತಿಳಿಯೋಣವೆಂದರೆ ಉತ್ತರ ಹೇಳಬೇಕಾದವರೇ ಇಲ್ಲ.

2023ರ ಜೂನ್‌ನಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯು ಆ ನೆಲದ ಸಿಬ್ಬಂದಿಯ ಕಂಪನಿಗೆ ದಂಡ ವಿಧಿಸಿತು. ತರಬೇತಿ ಸಾಲದು, ಸ್ಪಷ್ಟವಾದ ಸಂವಹನ ವ್ಯವಸ್ಥೆ ಇರಲಿಲ್ಲ ಎಂಬುದು ಆಕ್ಷೇಪ. ಮೊತ್ತ 15,625 ಡಾಲರ್. ಕಾನೂನಿನಲ್ಲಿ ನಿಗದಿಯಾಗಿದ್ದುದು ಅಷ್ಟೇ.